ಘಾಟು ಬರದ ಮೆಣಸಿನಕಾಯಿ

ಮಗಳ ಊಟದ ಡಬ್ಬಿ ತುಂಬಿದ್ದು ತುಂಬಿದಂಗೇ ವಾಪಸ್ ಬಂದ್ರೆ ತಾಯಂದಿರು ಮೊದ್ಲು ಏನ್ ಅನ್ಕಂತಾರೆ? ಉಪ್ಪು ಜಾಸ್ತಿ ಆಯ್ತೇನೋ ಅಂತ. ನಾನು ಹಂಗಲ್ಲ. ಯಾರೋ ಏನೋ ಮಾಡ್ಯಾರೆ ಅಂತಾನೇ ನನ್ನ ತಲೆಗೆ ಮೊದ್ಲು ಬರೋದು. ಬ್ಲೌಸ್ ಹೊಲಿಯೋ ಹೆಂಗಸು ನಾನು. ಅಳತೆ ಕೊಡಕ್ಕೆ ಬಂದೋರು ಹಿರಿಯೂರಿನ ಅರ್ಧ ಊರಿನ ಕಥೆ ನನ್ನ ಮಿಷನ್ ಮುಂದೆ ಸುರಿದು ಹೋಗ್ತಾರೆ. ಅಷ್ಟೆಲ್ಲ ಕೇಳಿದ್ಮೇಲೆ ಯಾರನ್ನೂ ಪೂರ್ತಿ ನಂಬಕ್ಕಾಗಲ್ಲ ಕಣ್ರಿ.

ನಮಗೆ ಒಬ್ಳೇ ಮಗಳು, ನಾಲ್ಕನೇ ಕ್ಲಾಸು. ಉಣ್ಣೋದ್ರಲ್ಲಿ ಎತ್ತಿದ ಕೈ ಆಗಿತ್ತು. ಮುದ್ದೆ ಮುರ್ಕೊಡು ಅಂತ ಯಾವತ್ತೂ ಕೇಳ್ದೋಳಲ್ಲ, ತಾನೇ ಮುರಿದು, ಸಾರಲ್ಲಿ ಅದ್ದಿ, ಅಗೀದೇನೇ ನುಂಗೋಳು. ಅಂಥೋಳು ಈ ವರ್ಷ ಸ್ಕೂಲ್ ಶುರುವಾದ್ಮೇಲೆ ಡಬ್ಬಿ ಮುಟ್ಟದಂಗಾದ್ಳು. ಬೆಳಿಗ್ಗೆ ಮನೇಲಿ ಒಂದು ಲೋಟ ಹಾಲು, ಸಂಜೆ ಬಂದು ಬಾಗಿಲು ಹಾಕ್ಕಂಡು ಗಬಗಬ ಅಂತ ಊಟ. ನಡುವೆ ಏನೂ ಇಲ್ಲ.

"ಯಾಕೆ ಉಣ್ಲಿಲ್ಲ ಪಾಪು?"

"ಹೊಟ್ಟೆ ನೋವಿತ್ತಮ್ಮ."

"ಈಗ?"

"ಈಗಿಲ್ಲ."

ಸ್ಕೂಲಲ್ಲಿ ಬರೋ ಹೊಟ್ಟೆ ನೋವು ಮನೆ ಬಾಗಿಲಿಗೆ ಬಂದ ತಕ್ಷಣ ಹೋಗ್ತೈತೆ ಅಂದ್ರೆ ನಂಬೋಕೆ ನಾನೇನು ದಡ್ಡೀನಾ. ಮೊದ್ಲು ಬಸ್ಸಿನ ಆಯಮ್ಮನ ಮೇಲೆ ಡೌಟು ಬಂತು. ಆಮೇಲೆ ಕ್ಲಾಸ್ ಮಿಸ್ಸಿನ ಮೇಲೆ. ಆಮೇಲೆ ಪಕ್ಕದಲ್ಲಿ ಕೂರೋ ಹುಡುಗೀರ ಮೇಲೆ. ಒಂದಿನ ಹೇಳ್ದೇ ಕೇಳ್ದೇ ಸ್ಕೂಲಿಗೆ ಹೋದೆ. ಗೇಟಲ್ಲಿ ಫೀಸ್ ವಿಷ್ಯ ಮಾತಾಡ್ಬೇಕು ಅಂತ ಸುಳ್ಳು ಹೇಳಿ ಒಳಗೆ ಹೋಗಿ, ಊಟದ ಬೆಲ್ ಹೊಡಿಯೋ ಹೊತ್ತಿಗೆ ಕಾರಿಡಾರಿನ ಕಂಬದ ಹಿಂದೆ ನಿಂತೆ.

ಎಲ್ಲ ಮಕ್ಳು ಗುಂಪು ಗುಂಪಾಗಿ ಕುಂತು ಒಬ್ರ ಡಬ್ಬಿಗೆ ಇನ್ನೊಬ್ರು ಕೈ ಹಾಕ್ತಿದ್ವು. ನನ್ ಮಗಳು ಗೋಡೆ ಕಡಿಗೆ ಮುಖ ಮಾಡಿ ಒಬ್ಳೇ ಕುಂತಿದ್ಳು. ಡಬ್ಬಿ ಮುಚ್ಚಳ ಒಂಚೂರು ಎತ್ತಿದ್ಳು. ಆ ಕಡಿ ಈ ಕಡಿ ನೋಡಿದ್ಳು. ಒಬ್ಳು ಹುಡುಗಿ ಇವಳ ಪಕ್ಕ ಹಾದು ಹೋದ್ಳು, ಇವ್ಳು ಟಪಕ್ ಅಂತ ಮುಚ್ಚಿಬಿಟ್ಳು. ಕಳ್ಳಮಾಲು ಇಟ್ಕಂಡೋರು ಹೆಂಗೆ ಮುಚ್ತಾರೆ ಹಂಗೆ. ಆಮೇಲೆ ಎರಡೂ ಕೈ ಡಬ್ಬಿ ಮೇಲಿಟ್ಟು ಬೆಲ್ ಹೊಡಿಯೋವರ್ಗೂ ಕಾಯ್ತಾ ಕುಂತ್ಳು.

ಮಿಸ್ಸು ನನ್ನ ನೋಡಿ ಹತ್ರ ಬಂದ್ರು. "ನಾವು ಬೈಯಲ್ಲಮ್ಮ. ಉಣ್ಣು ಅಂತ ಪಕ್ಕದಲ್ಲಿ ನಿಂತ್ರೆ ಇನ್ನೂ ಜಾಸ್ತಿ ನಡುಗ್ತಾಳೆ. ಮನೇಲೇನಾದ್ರೂ ತೊಂದ್ರೆ ಐತಾ?"

ನೋಡಿದ್ರಾ, ನಾನು ಅವರನ್ನ ಡೌಟಲ್ಲಿ ನೋಡಕ್ಕೆ ಹೋದ್ರೆ ಅವರು ನನ್ನೇ ಡೌಟಲ್ಲಿ ನೋಡ್ತಾರೆ. ನಮ್ಮನೇಲಿ ಏನ್ ತೊಂದ್ರೆ ಇರ್ತೈತ್ರೀ ಅಂತ ಜೋರಾಗೇ ಕೇಳಿ ಬಂದೆ.

ನಮ್ಮತ್ತೆ ಮಾತ್ರ ಯಾವ ಸ್ಕೂಲಿಗೂ ಹೋಗ್ದೇನೇ ತೀರ್ಮಾನ ಕೊಟ್ಟಿದ್ರು.

"ಕಣ್ಣು ಕಣೇ. ಗೃಹಪ್ರವೇಶದ ದಿನ ಎದುರುಮನೆಯಾಕೆ ಏನಂದ್ಳು ನೆನಪೈತಾ? ಕೂಸಿನ ಕೆನ್ನೆ ಹಿಂಡಿ, 'ನಿಮ್ಮದು ಎಷ್ಟು ಚೆಂದ ಉಣ್ತೈತ್ರೀ, ನಮ್ಮವು ಒಂದು ತುತ್ತಿಗೆ ಊರು ಸುತ್ತಿಸ್ತವೆ' ಅಂದ್ಳು. ಅವತ್ತು ವಾಂತಿ ಮಾಡ್ಕಂಡೋಳು ಇವತ್ತಿಗೂ ನೆಟ್ಟಗೆ ಉಂಡಿಲ್ಲ."

ವಾಂತಿ ಆಗಿದ್ದು ಹೌದು. ಹೋಳಿಗೆ ಮೇಲೆ ಹೋಳಿಗೆ ತಿಂದು ತುಪ್ಪ ಕುಡಿದಿದ್ಳು ಅನ್ನೋದೂ ಹೌದು. ಆದ್ರೆ ಅತ್ತೆ ಆ ಮಾತು ಅಂದ್ಮೇಲೆ ನಂಗೂ ಎದುರುಮನೆಯಾಕೆ ಮುಖ ಬೇರೆ ಥರಾನೇ ಕಾಣಕ್ಕೆ ಶುರುವಾಯ್ತು. ಬಟ್ಟೆ ಒಣಗಾಕುವಾಗ ನಮ್ಮನೆ ಕಡೆ ಯಾಕೆ ನೋಡ್ತಾಳೆ? ಇವತ್ತೇನು ಸಾರು ಅಂತ ಯಾಕೆ ಕೇಳ್ತಾಳೆ? ಬೀದಿ ಕಡೆ ಕಿಟಕಿಗೆ ದಪ್ಪ ಪರದೆ ಹೊಲ್ದು ಹಾಕಿದೆ. ಊಟಕ್ಕೆ ಕೂರೋ ಮುಂಚೆ ಮುಂಬಾಗಿಲು ಹಾಕೋದು ಪದ್ಧತಿ ಆಯ್ತು.

ದಿನಾ ದೀಪ ಹಚ್ಚೋ ಹೊತ್ತಿಗೆ ಅತ್ತೆ ದೃಷ್ಟಿ ತೆಗಿಯೋರು. ಒಣಮೆಣಸಿನಕಾಯಿ, ಕಲ್ಲುಪ್ಪು, ಪೊರಕೆ ಕಡ್ಡಿ, ಬೀದಿ ಮಣ್ಣು ಒಂಚೂರು. ಹುಡುಗೀನ ಅಡುಗೆಮನೇಲಿ ನಿಲ್ಲಿಸಿ, ಊರ ಕಣ್ಣು ಕೇರಿ ಕಣ್ಣು ನಾಯಿ ಕಣ್ಣು ನರಿ ಕಣ್ಣು ಅಂತ ನಿವಾಳಿಸಿ, ಥೂ ಥೂ ಅಂತ ಅವಳ ಕೈಲಿ ಉಗುಳಿಸಿ, ಎಲ್ಲಾನೂ ಗ್ಯಾಸ್ ಮೇಲೆ ಕಾದ ಹಳೇ ಕಬ್ಬಿಣದ ಹೆಂಚಿಗೆ ಹಾಕೋರು. ಮೆಣಸಿನಕಾಯಿ ಸುಟ್ಟು ಘಾಟು ಬಂದು ಎಲ್ರೂ ಕೆಮ್ಮಿದ್ರೆ ದೃಷ್ಟಿ ಇಲ್ಲ ಅಂತ ಲೆಕ್ಕ. ಮೆಣಸಿನಕಾಯಿ ಕರ್ರಗಾದ್ರೂ ಘಾಟು ಬರ್ಲಿಲ್ಲ ಅಂದ್ರೆ ಭಾರೀ ಕಣ್ಣು ಬಿದ್ದೈತೆ ಅಂತ.

ಹೊಸ ಮನೆಗೆ ಬಂದ್ಮೇಲೆ ಒಂದಿನಾನೂ ಘಾಟು ಬರ್ಲಿಲ್ಲ.

ಅತ್ತೆ ಹೆಂಚಿನ ಮೇಲೆ ಬಗ್ಗಿ ಮೂಸಿ ನೋಡೋರು. ತಲೆ ಅಲ್ಲಾಡಿಸೋರು. "ನೋಡವ್ವ, ಸುಟ್ಟು ಇದ್ಲಾದ್ರೂ ಒಂದು ಸೀನಿಲ್ಲ. ಯಾರೋ ಕೆಟ್ಟ ಕಣ್ಣಿನೋರು." ಆಮೇಲೆ ಯಾರು ಅಂತ ಮಾತು ಶುರು. ಎದುರುಮನೆಯಾಕೆ, ಬಸ್ಸಿನ ಆಯಮ್ಮ, ಹೊಸದುರ್ಗದಲ್ಲಿರೋ ನಮ್ಮ ನಾದಿನಿಯ ಓರಗಿತ್ತಿ. ನಾನೂ ಒಂದೆರಡು ಹೆಸರು ಸೇರಿಸ್ತಿದ್ದೆ, ಸುಳ್ಳ್ಯಾಕೆ ಹೇಳ್ಲಿ. ನಮ್ಮನೆಯೋರು ದುರ್ಗದ ಗೊಬ್ಬರದ ಅಂಗಡೀಲಿ ಕೆಲ್ಸ ಮುಗಿಸಿ ಬರೋ ಹೊತ್ತಿಗೆ ಈ ಪಂಚಾಯ್ತಿ ನಡೀತಿರೋದು.

"ಅವ್ವ, ಇಡೀ ಹಿರಿಯೂರಿಗೆ ಬೇರೆ ಕೆಲ್ಸ ಇಲ್ವಾ, ನಿನ್ ಮೊಮ್ಮಗಳು ಚಿತ್ರಾನ್ನ ತಿನ್ನೋದು ನೋಡ್ಕಂತ ಕುಂದ್ರಕ್ಕೆ?" ಅನ್ನೋರು.

"ನೀನು ಸುಮ್ಕಿರಪ್ಪ. ನಿಂಗೇನು ಗೊತ್ತು."

ಹುಡುಗಿ ಹೆಂಚನ್ನೇ ನೋಡ್ತಾ ನಿಂತಿರೋಳು. ನಾನು ಅತ್ತೆ ಮುಖ ನೋಡ್ತಿದ್ದೆ, ಅವಳ ಮುಖ ನೋಡ್ಲಿಲ್ಲ.

ಒಂದಿನ ಬೆಳಗಿನ ಪ್ರಾರ್ಥನೆಲಿ ಬಿದ್ಳು ಅಂತ ಸ್ಕೂಲಿಂದ ಫೋನ್ ಬಂತು. ಊರಿನ ಡಾಕ್ಟ್ರು ರಕ್ತ ನೋಡಿದ್ರು, ಕಣ್ಣರೆಪ್ಪೆ ಎಳೆದು ನೋಡಿದ್ರು, ಜಂತುಹುಳದ ಮಾತ್ರೆ ಬರೆದ್ರು. ರಕ್ತ ಕಮ್ಮಿ, ಊಟ ಮಾಡಿಸಿ ಅಂದ್ರು. ಮಾಡಿಸೋಕೆ ಗೊತ್ತಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ವಿ. ಹೊಳಲ್ಕೆರೆಯಿಂದ ನಮ್ಮವ್ವ ಫೋನ್ ಮಾಡಿ, "ಅಲ್ಲಿ ಬ್ಯಾಡ, ಸ್ಕೂಲ್ ಬಿಡಿಸಿ ಇಲ್ಲಿಗೆ ತಂದು ಬಿಡು, ನಾನು ಉಣ್ಣಿಸ್ತೀನಿ" ಅಂದ್ಳು. ಸ್ಕೂಲ್ ಬಿಡಿಸೋ ಮಾತು ನಮ್ಮನೇಲಿ ಮೊದಲ ಸಲ ಬಂದಿದ್ದು ಅವತ್ತು. ಹುಡುಗಿ ಬಟ್ಟೆ ಎಲ್ಲ ಸಡಿಲ. ಯೂನಿಫಾರಂ ಸ್ಕರ್ಟಿನ ಸೊಂಟ ನಾನೇ ಹಿಡಿದು ಹೊಲಿಬೇಕಾಗಿ ಬಂತು.

ಆಮೇಲೆ ಒಂದು ಸಂಜೆ ಕರೆಂಟ್ ಹೋಯ್ತು. ಅತ್ತೆ ಮೇಣದ ಬತ್ತಿ ಬೆಳಕಲ್ಲೇ ದೃಷ್ಟಿ ತೆಗೆದ್ರು. ಮೆಣಸಿನಕಾಯಿ ಹೆಂಚಿಗೆ ಬಿದ್ದಿದ್ದೇ ತಡ, ಏನ್ ಘಾಟ್ರೀ ಅದು. ಅತ್ತೆ ಕೆಮ್ಮಿ ಕೆಮ್ಮಿ ಗೋಡೆ ಹಿಡ್ಕಂಡ್ರು. ನಾನು ಸೆರಗು ಮುಚ್ಕಂಡು ಹೊರಗೆ ಓಡಿದೆ. ನನ್ ಮಗಳು ಮಾತ್ರ ಅಲ್ಲೇ ನಿಂತು ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸ್ಕಂತ ನಗ್ತಿದ್ಳು. ಎಷ್ಟೋ ದಿನ ಆಗಿತ್ತು ಅವಳು ಹಂಗೆ ನಕ್ಕು.

"ಅಜ್ಜಿ, ಘಾಟು ಬಂತು. ಅಲ್ವಾ ಅಜ್ಜಿ? ಬಂತಲ್ವಾ?"

ಮಾರನೇ ದಿನ ಡಬ್ಬಿ ಖಾಲಿ ಬಂತು. ನಾಯಿಗೆ ಹಾಕಿರ್ಬೇಕು ಅನ್ಕಂಡೆ. ಮಿಸ್ಸಿಗೆ ಫೋನ್ ಮಾಡಿ ಕೇಳಿದೆ. ಇಲ್ಲಮ್ಮ, ಉಂಡ್ಳು, ನಾನೇ ನೋಡಿದೆ ಅಂದ್ರು. ಅವತ್ತು ಸಂಜೆ ಕರೆಂಟ್ ಇತ್ತು. ಘಾಟು ಬರ್ಲಿಲ್ಲ. ಮಾರನೇ ದಿನ ಡಬ್ಬಿ ಮತ್ತೆ ತುಂಬಿದಂಗೇ ಬಂತು.

ಡಬ್ಬಿ ಕೈಲಿ ಹಿಡ್ಕಂಡು ಅಡುಗೆಮನೆ ಬಾಗಿಲಲ್ಲಿ ನಿಂತೆ. ಕರೆಂಟಿಗೂ ಕಣ್ಣಿಗೂ ಏನ್ ಸಂಬಂಧ? ಲೈಟ್ ಹಾಕಿದೆ. ಹೊಗೆ ಎಳೆಯೋ ಫ್ಯಾನು ಗುಂಯ್ ಅಂತು. ಲೈಟ್ ಆರಿಸಿದೆ. ಫ್ಯಾನು ನಿಂತ್ಹೋಯ್ತು. ವೈರಿಂಗ್ ಮಾಡಿದೋನು ಎರಡಕ್ಕೂ ಸೇರಿ ಒಂದೇ ಸ್ವಿಚ್ ಕೊಟ್ಟಿದ್ದ. ದೀಪ ಹಚ್ಚೋ ಹೊತ್ತಿಗೆ ಲೈಟ್ ಹಾಕ್ತಿದ್ವಿ, ಒಲೆ ಮೇಲಿನ ಫ್ಯಾನು ಅತ್ತೆ ಘಾಟನ್ನೆಲ್ಲ ಎಳೆದು ಹಿತ್ಲಿಗೆ ಬಿಸಾಕ್ತಿತ್ತು. ಹಳೇ ಬಾಡಿಗೆ ಮನೇಲಿ ಈ ಫ್ಯಾನೇ ಇರ್ಲಿಲ್ಲ.

ನಂಗೆ ನಗು ಬಂತಾ, ಸಿಟ್ಟು ಬಂತಾ, ಈಗ್ಲೂ ಹೇಳಕ್ಕಾಗಲ್ಲ. ಅತ್ತೆನ ಕರೆದು ತೋರಿಸಿದೆ. ಲೈಟ್ ಹಾಕಿ ಒಂದು ಮೆಣಸಿನಕಾಯಿ ಸುಟ್ಟೆ, ಲೈಟ್ ಆರಿಸಿ ಒಂದು ಸುಟ್ಟೆ. ಅತ್ತೆ ಕೆಮ್ಮಿ, ಸುಧಾರಿಸ್ಕಂಡು, ಏನಂದ್ರು ಗೊತ್ತಾ?

"ಅಂದ್ರೆ ಘಾಟು ಬಂದ್ರೆ ಹುಡುಗಿ ಉಣ್ತಾಳೆ ಅಂತ ಆಯ್ತಲ್ಲ. ನಾನು ಹೇಳಿದ್ದೇ ಸರಿ."

ವಾದ ಮಾಡಕ್ಕೆ ಹೋಗ್ಲಿಲ್ಲ. ನಂಗೂ ಅದೇ ಸಲೀಸು ಅನ್ನಿಸ್ತು. ದಿನಾ ಲೈಟ್ ಆರಿಸಿ ದೃಷ್ಟಿ ತೆಗಿಯೋದು, ಎಲ್ರೂ ಕೆಮ್ಮೋದು, ಹುಡುಗಿ ಉಣ್ಣೋದು. ಒಂದು ವಾರ ಡಬ್ಬಿ ಖಾಲಿ ಬಂತು. ನಮ್ಮವ್ವನಿಗೆ ಫೋನ್ ಮಾಡಿ ಸ್ಕೂಲ್ ಬಿಡಿಸಲ್ಲ ಅಂತ ಜಂಬವಾಗಿ ಹೇಳಿದೆ.

ಆಮೇಲೆ ಹುಡುಗಿ ಕೇಳಿದ್ಳು, "ಅಜ್ಜಿ, ಬೆಳಿಗ್ಗೆನೂ ತೆಗಿ."

ಬೆಳಿಗ್ಗೆನೂ ತೆಗೆದ್ರು. ಆಮೇಲೆ ಘಾಟು ಕಮ್ಮಿ ಬಂತು, ಇನ್ನೊಂದು ಸಲ ತೆಗಿ ಅಂದ್ಳು. ಆಮೇಲೆ ಶೂ ಹಾಕ್ಕಂಡು ಬಾಗಿಲಿಗೆ ಹೋದೋಳು ವಾಪಸ್ ಬಂದು, ನಾನು ಸರಿಯಾಗಿ ಉಗುಳಿಲ್ಲ, ಮತ್ತೆ ತೆಗಿ ಅಂದ್ಳು. ಬಸ್ಸು ಹಾರನ್ ಹೊಡೆದು ಹೊಡೆದು ಹೊರಟೇಹೋಯ್ತು. ಮಳೆ ಹಿಡ್ಕಂಡ ವಾರ ಡಬ್ಬದಲ್ಲಿದ್ದ ಮೆಣಸಿನಕಾಯಿ ಮೆತ್ತಗಾಗಿ, ಲೈಟ್ ಆರಿಸಿದ್ರೂ ನೆಟ್ಟಗೆ ಘಾಟು ಬರ್ಲಿಲ್ಲ. ಅವತ್ತು ಹುಡುಗಿ ಹಾಸಿಗೆ ಬಿಟ್ಟು ಏಳ್ಲಿಲ್ಲ. ದುಪ್ಪಟಿ ತಲೆ ತನಕ ಎಳ್ಕಂಡು, "ಮಿಸ್ಸು ನನ್ನ ಡಬ್ಬಿ ನೋಡಿದ್ರು, ಅವರ ಕಣ್ಣೇ ಇರ್ಬೇಕು" ಅಂದ್ಳು. ಆಮೇಲೆ, "ಅಮ್ಮ, ನೀನೂ ದಿನಾ ನನ್ ಡಬ್ಬಿ ನೋಡ್ತೀಯಲ್ಲ" ಅಂದ್ಳು.

ಇದನ್ನ ಕೇಳಿ ನಾನು ಅಡುಗೆಮನೆಗೆ ಹೋಗಿ ಅವಳ ಡಬ್ಬಿ ಮುಚ್ಚಿಟ್ಟೆ. ಊರೆಲ್ಲ ಡೌಟು ಪಟ್ಟು ಪಟ್ಟು ಕೊನೆಗೆ ನಮ್ಮನೆ ಹುಡುಗಿ ನನ್ನೇ ಡೌಟು ಪಡೋಂಗಾಯ್ತು.

ದುರ್ಗದಲ್ಲಿ ಮಕ್ಕಳ ಮನಸ್ಸು ನೋಡೋ ಡಾಕ್ಟ್ರಮ್ಮ ಒಬ್ರು ಅವ್ರೆ ಅಂತ ನಮ್ಮನೆಯೋರು ಕೇಳ್ಕಂಡು ಬಂದ್ರು. ಅತ್ತೆ ಕೈಲಿದ್ದ ಸೊಪ್ಪು ಕೆಳಗಿಟ್ರು.

"ಹುಚ್ಚಿನ ಡಾಕ್ಟ್ರಾ?"

"ಅಲ್ಲವ್ವ. ಹೆದರ್ಕಂಡ ಮಕ್ಕಳಿಗೆ."

"ಹೆದರ್ಕಂಡ ಮಕ್ಕಳಿಗೆ ಅಂತ್ರ ಕಟ್ಟಿಸ್ತಾರೆ, ಡಾಕ್ಟ್ರಿಗೆ ತೋರಿಸ್ತಾರಾ? ನಾಳೆ ಹೆಣ್ಣು ಕೇಳಕ್ಕೆ ಬಂದೋರಿಗೆ ಏನ್ ಹೇಳ್ತೀಯ?"

"ಅವ್ವ, ಅವಳಿನ್ನೂ ಮಗ್ಗಿ ಕಲೀತಾವ್ಳೆ."

ಹೋಗಾಣ ಅಂತ ನಾನೇ ಗಟ್ಟಿ ಮಾಡಿದೆ. ಅತ್ತೆನೂ ನಮ್ಮ ಜೊತೆ ಹೊರಟ್ರು, ಕಾವಲಿಗೆ. ಎದುರುಮನೆಯಾಕೆ ಎಲ್ಲಿಗ್ರೀ ಎಲ್ರೂ ಸೇರಿ ಅಂದ್ಳು. ಹಲ್ಲಿನ ಡಾಕ್ಟ್ರು ಅಂದೆ. ಯಾರ ಹಲ್ಲು ಅಂದ್ಳು. ಎಲ್ರದ್ದೂ ಅಂದೆ.

ನಂಗೆ ಆ ಡಾಕ್ಟ್ರಮ್ಮನ ಮೇಲೂ ನಂಬಿಕೆ ಬರ್ಲಿಲ್ಲ, ಮುಚ್ಚಿಡೋದೇನು. ಕೊರಳಲ್ಲಿ ಸ್ಟೆತಾಸ್ಕೋಪ್ ಇಲ್ಲ, ಸೂಜಿ ಇಲ್ಲ, ರೂಮಲ್ಲಿ ಬಣ್ಣದ ಪೆನ್ಸಿಲ್ಲು, ಮರದ ಗೊಂಬೆ. ಬರ್ರಿ ಅಜ್ಜಿ, ಕುಂತ್ಕಳ್ರಿ ಅಂತ ನಮ್ಮತ್ತೆಗೇ ಮೊದ್ಲು ಕುರ್ಚಿ ಹಾಕಿದ್ರು. ಇದೂ ಒಂದು ನಾಟಕ ಅನ್ಕಂಡೆ. ಹುಡುಗಿ ಹತ್ರ ಸ್ಕೂಲು, ಬಸ್ಸು, ಅವಳಿಗಿಷ್ಟದ ತಿಂಡಿ, ಏನೇನೋ ಮಾತಾಡಿ, ನಿಧಾನಕ್ಕೆ ಕೇಳಿದ್ರು.

"ಡಬ್ಬಿ ತೆಗಿವಾಗ ಮೈಯಲ್ಲಿ ಎಲ್ಲಿ ಏನಾಗ್ತೈತೆ ಪುಟ್ಟ?"

"ಹೊಟ್ಟೆಲಿ. ಇರುವೆ ಹರಿದಂಗೆ. ಆಮೇಲೆ ಗಂಟ್ಲು ಮುಚ್ಕಂತೈತೆ."

"ಯಾರಾದ್ರೂ ನೋಡಿದ್ರೆ ಏನಾಗ್ತೈತೆ ಅನ್ಸುತ್ತೆ?"

"ಘಾಟು ಬರಲ್ಲ."

"ಬರ್ಲಿಲ್ಲ ಅಂದ್ರೆ?"

ಅವಳು ಅಜ್ಜಿ ಮುಖ ನೋಡಿ, ತಲೆ ತಗ್ಗಿಸಿ ಅಂದ್ಳು. "ದೊಡ್ಡತ್ತೆ ಥರ ಸತ್ತೋಗ್ತೀನಿ."

ಆ ದೊಡ್ಡತ್ತೆ ಅಂದ್ರೆ ನಮ್ಮನೆಯೋರ ಅಕ್ಕ. ನಮ್ಮತ್ತೆಯ ಮೊದಲನೇ ಕೂಸು. ಇನ್ನೂ ಹಲ್ಲು ಬೀಳೋ ವಯಸ್ಸಲ್ಲಿ ಜ್ವರ ಬಂದು ತೀರ್ಕಂಡಿತ್ತು. ಮದುವೆ ಮನೇಲಿ ಎಲ್ರೂ ಎತ್ತಿ ಮುದ್ದಾಡಿದ್ರು, ಆ ಕಣ್ಣೇ ತಿಂತು ಅಂತ ಅತ್ತೆ ಯಾವಾಗ್ಲೂ ಹೇಳೋರು. ಹೊಸ ಮನೇಲಿ ಘಾಟು ಬರ್ದೇ ಇದ್ದ ಒಂದು ಸಂಜೆ ನಂಗೂ ಹೇಳಿದ್ರು, ಅವಳ್ದೂ ಹಿಂಗೇ ಆಗಿತ್ತು, ಮೆಣಸಿನಕಾಯಿ ಘಾಟೇ ಬಂದಿರ್ಲಿಲ್ಲ ಅಂತ. ಹುಡುಗಿ ಪಕ್ಕದಲ್ಲೇ ಹೋಮ್‌ವರ್ಕ್ ಬರೀತಿದ್ಳು. ಮಕ್ಳು ಬರಿವಾಗ ಕಿವಿ ಮುಚ್ಚಿರ್ತವೆ ಅಂತ ನಾವು ಅನ್ಕಂಡಿರ್ತೀವಿ.

ಅತ್ತೆ ಸೆರಗಿನ ತುದಿ ಕೈಗೆ ಸುತ್ಕಂಡು ಕುಂತ್ಬಿಟ್ರು.

ಡಾಕ್ಟ್ರಮ್ಮ ಅವರನ್ನ ಬೈಲಿಲ್ಲ. "ಅಜ್ಜಿ, ಹುಡುಗಿಗೆ ಹೆದರಿಕೆ ಆಗ್ತೈತೆ. ಘಾಟು ನೋಡಿದ್ರೆ ಒಂಚೂರು ಸಮಾಧಾನ ಸಿಗ್ತೈತೆ. ಸಮಾಧಾನ ಕರಗಿದ ತಕ್ಷಣ ಹೆದರಿಕೆ ಮತ್ತೆ ಬಂದು ಬಾಗಿಲಲ್ಲಿ ನಿಲ್ತೈತೆ. ದಿನಾ ರೊಟ್ಟಿ ಹಾಕಿದ ಬೀದಿ ನಾಯಿ ಬೇರೆ ಬೀದಿಗೆ ಹೋಗ್ತೈತಾ ಹೇಳ್ರಿ?"

"ಹಾಕ್ದೇ ಇದ್ರೆ ಕಚ್ತೈತೆ," ಅಂದ್ರು ಅತ್ತೆ.

"ಬೊಗಳ್ತೈತೆ ಅಜ್ಜಿ. ಒಂದಿಷ್ಟು ದಿನ ಜೋರಾಗೇ ಬೊಗಳ್ತೈತೆ. ಆವಾಗ ನೀವು ಅವಳ ಪಕ್ಕ ಕುಂತಿರ್ಬೇಕು. ಏನೂ ಆಗಲ್ಲ ಅಂತ ಗಳಿಗೆ ಗಳಿಗೆಗೂ ಹೇಳ್ಬ್ಯಾಡ್ರಿ. ಹೆದರಿಕೆ ಆಗ್ತೈತಾ, ಆಗ್ಲಿ, ನಾನಿದೀನಿ, ಒಂದು ತುತ್ತು ಉಣ್ಣಾಣ ಅನ್ರಿ. ಅಷ್ಟೇ."

ಮನೇಲಿ ಮುಂಬಾಗಿಲು ತೆಗೆದು ಉಣ್ಣೋದ್ರಿಂದ ಶುರು ಮಾಡ್ಬೇಕಂತೆ. ಆಮೇಲೆ ಕಟ್ಟೆ ಮೇಲೆ ಕುಂತು. ಆಮೇಲೆ ಹೊರಗಿನೋರು ಒಬ್ರು ಇರುವಾಗ. ಆಮೇಲೆ ಸ್ಕೂಲು. ದೃಷ್ಟಿ ಮೊದ್ಲು ಬೆಳಗಿಂದು ನಿಲ್ಲಿಸಿ, ಆಮೇಲೆ ಸಂಜೆದು. ಎಲ್ಲಾನೂ ಹುಡುಗಿನ ಕೇಳಿ, ಅವಳು ಹೂಂ ಅಂದ್ಮೇಲೆ. ಹೊರಡೋವಾಗ ನನ್ ಕಡೆ ತಿರುಗಿ, "ನೀವು ಡಬ್ಬಿ ತೆಗೆದು ನೋಡೋದು, ಮಿಸ್ಸಿಗೆ ಫೋನ್ ಮಾಡೋದು ಬಿಡ್ರಿ. ನಿಮ್ಮದೂ ಅದೇ ಕಾಯಿಲೆ" ಅಂದ್ರು. ಮಾತ್ರೆ ಇಲ್ಲ, ಟಾನಿಕ್ ಇಲ್ಲ. ನಮ್ಮ ಕಾಯಿಲೆ ನಮ್ಗೇ ಹೇಳಿ ಕಳಿಸೋಕೆ ಇವರಿಗೆ ಡಿಗ್ರಿ ಬೇಕಿತ್ತಾ ಅನ್ನಿಸ್ತು.

ವಾಪಸ್ ಬರೋ ಬಸ್ಸಲ್ಲಿ ಐಮಂಗಲ ದಾಟೋವರ್ಗೂ ಅತ್ತೆ ಕಿಟಕಿ ಕಡೆಗೇ ನೋಡ್ತಿದ್ರು. ಆಮೇಲೆ ಅಂದ್ರು, "ನನ್ ಮೊಮ್ಮಗಳಿಗೆ ನಾನೇ ರೋಗ ಅಂತ ಬಾಯ್ಬಿಟ್ಟು ಹೇಳ್ಲಿಲ್ಲ, ಅಷ್ಟೇ."

"ಹಂಗಲ್ಲ ಅತ್ತೆ."

"ಹಂಗೇ ಕಣೇ. ಮದುವೆ ಮನೆಯಿಂದ ಬಂದ ದಿನ ಆ ಕೂಸಿಗೆ ದೃಷ್ಟಿ ತೆಗೀದೇ ಹೊಲಕ್ಕೆ ಹೋಗಿದ್ದೆ. ಜ್ವರ ಬಂದ್ಮೇಲೆ ತೆಗೆದ್ರೆ ಘಾಟೇ ಬರ್ಲಿಲ್ಲ. ಅದಕ್ಕೇ ಇವಳಿಗೆ ಒಂದಿನಾನೂ ಬಿಡ್ಬಾರ್ದು ಅಂತಿತ್ತು."

ಇಷ್ಟು ವರ್ಷ ಅವರ ಜೊತೆ ಒಂದೇ ಒಲೆ ಮುಂದೆ ನಿಂತಿದೀನಿ, ಈ ಮಾತು ಯಾವತ್ತೂ ಕೇಳಿರ್ಲಿಲ್ಲ. ಹುಡುಗಿ ಅಜ್ಜಿ ತೊಡೆ ಮೇಲೆ ನಿದ್ದೆ ಹೋಗಿದ್ಳು.

ಬಾಗಿಲು ತೆಗೆದು ಉಂಡ ಮೊದಲನೇ ದಿನ ನಮ್ಮನೇಲಿ ಯಾರಿಗೂ ಅನ್ನ ಇಳೀಲಿಲ್ಲ. ಬೀದೀಲಿ ಸೈಕಲ್ ಹೋದ್ರೆ ಹುಡುಗಿ ತಟ್ಟೆ ಮುಚ್ಚೋಳು. ನಮ್ಮನೆಯೋರು, "ಏನಪ್ಪ ಸೈಕಲ್ಲಿನೋನೇ, ಬಾ ಒಂದು ತುತ್ತು ಮುದ್ದೆ ಉಣ್ಣು" ಅಂತ ಕೂಗಿ ಅವಳನ್ನ ನಗಿಸೋರು. ಅವಳು ಹೂಂ ಅಂದ್ಮೇಲೆ ಬೆಳಗಿನ ದೃಷ್ಟಿ ನಿಲ್ಲಿಸಿದ್ವಿ. ಆ ವಾರ ಅವಳು ಅತ್ತಿದ್ದು, ಅಜ್ಜಿ ಸೀರೆ ಎಳೆದಿದ್ದು, ನಾನು ಬೇರೆ ರೂಮಿಗೆ ಹೋಗಿ ಮಿಷನ್ ಜೋರಾಗಿ ತುಳಿದಿದ್ದು, ಅದೆಲ್ಲ ಬರೆದ್ರೆ ನಿಮಗೂ ಹಿಂಸೆ. ಡಾಕ್ಟ್ರಮ್ಮ ಹೇಳಿದ ನಾಯಿ ಬೊಗಳೇ ಬೊಗಳ್ತು. ದಿನಾ ಡಬ್ಬಿ ತುಂಬಿದಂಗೇ ಬಂತು, ತೆಗೆದು ನೋಡ್ದೇ ಇದ್ರೂ ಭಾರದಲ್ಲೇ ಗೊತ್ತಾಗೋದು. ಆ ಹೆಂಗಸು ನಮ್ಮನ್ನ ಮಂಗ ಮಾಡಿದ್ಳು ಅಂತ ನಂಗೆ ಗಟ್ಟಿ ಆಗಿತ್ತು.

ಎದುರುಮನೆಯಾಕೆನ ಟೀಗೆ ಕರೆದಿದ್ದು ನನ್ ಜೀವನದಲ್ಲಿ ನಾನು ಮಾಡಿದ ಕಷ್ಟದ ಕೆಲ್ಸ. ಮಂಡಕ್ಕಿ ಕಲಸಿ ಇಟ್ಟೆ. ಆಕೆ ಮಾತಾಡ್ತಾ ಮಾತಾಡ್ತಾ ಅಂದ್ಳು, "ಗೃಹಪ್ರವೇಶದ ಮಾರನೇ ದಿನದಿಂದ ಬಾಗಿಲು ಹಾಕೇ ಇರ್ತೀರಲ್ರೀ, ನಾನೇನೋ ತಪ್ಪು ಮಾತಾಡಿದ್ನಾ ಅಂತ ನಮ್ಮನೆಯೋರ್ನ ದಿನಾ ಕೇಳ್ತಿದ್ದೆ. ನಿಮ್ಮನೇಲಿ ಏನೋ ನಡೀತೈತೆ ಅಂತ ನಂಗೆ ಡೌಟು." ಹುಡುಗಿ ಆಕೆನ ನೋಡ್ತಾ ನೋಡ್ತಾ ಒಂದು ಚಿಟಿಕೆ ಮಂಡಕ್ಕಿ ಬಾಯಿಗೆ ಹಾಕ್ಕಂಡ್ಳು. ಒಂದೇ ಚಿಟಿಕೆ. ಅಗಿಯೋಕೆ ಎಷ್ಟು ಹೊತ್ತು ತಗಂಡ್ಳು ಅಂದ್ರೆ ನನ್ ಟೀ ತಣ್ಣಗಾಯ್ತು.

ಸಂಜೆ ದೃಷ್ಟಿನೂ ನಿಂತ್ಮೇಲೆ ಒಂದಿನ ಹಿತ್ಲಿಂದ ಸುಟ್ಟ ವಾಸನೆ ಬಂತು. ಹೋಗಿ ನೋಡಿದ್ರೆ ಅತ್ತೆ ಬಟ್ಟೆ ಒಣಗಾಕೋ ತಂತಿ ಮುಂದೆ ನಿಂತು, ಮೆಣಸಿನಕಾಯಿ ಹಿಡ್ಕಂಡು, ಒಣಗಾಕಿದ್ದ ಸ್ಕೂಲ್ ಯೂನಿಫಾರಂಗೆ ನಿವಾಳಿಸ್ತಿದ್ರು. ಪಕ್ಕದಲ್ಲಿ ಕೆಂಡ.

"ಅತ್ತೆ, ಏನಿದು?"

"ಹುಡುಗಿಗೆ ತೆಗಿಬ್ಯಾಡ ಅಂದ್ಳು ಡಾಕ್ಟ್ರಮ್ಮ. ಅಂಗಿಗೆ ತೆಗಿಬ್ಯಾಡ ಅಂದ್ಳೇನು?"

ನಂಗೆ ನಗು ತಡಿಯೋಕಾಗ್ಲಿಲ್ಲ. ಅವರೂ ನಕ್ರು, ಕಣ್ಣೊರೆಸ್ಕಂತ. ಘಾಟಿಗೆ ಅಂದ್ರು. ಬಯಲಲ್ಲಿ ಎಲ್ಲಿ ಬರ್ತೈತೆ ಘಾಟು. ನಾನು ಕೆಂಡಕ್ಕೆ ನೀರು ಹಾಕಿ, ಅವರ ಕೈ ಹಿಡ್ಕಂಡು ಒಳಗೆ ಬಂದೆ. ಹುಡುಗಿಗೆ ಹೇಳ್ಲಿಲ್ಲ.

ಆಮೇಲೆ ಹೊಸದುರ್ಗದಲ್ಲಿ ನಾದಿನಿ ಮಗಳ ಸೀಮಂತ ಬಂತು. ಸ್ಕೂಲಿಗಿಂತ ಮೊದ್ಲು ಇದು ಬೇಕಿತ್ತಾ ಅಂತ ಭಯ ಆಯ್ತು, ಆದ್ರೆ ಹುಡುಗಿನೇ ಬರ್ತೀನಿ ಅಂದ್ಳು. ಊಟಕ್ಕೆ ಉದ್ದಕ್ಕೆ ಟೇಬಲ್ ಹಾಕಿ ಎಲೆ ಹಾಸಿದ್ರು. ಹುಡುಗಿ ನಂಗೂ ಅತ್ತೆಗೂ ನಡುವೆ. ಅನ್ನ ಸಾರು ಬಂತು. ಅವಳು ಎಲೆ ಮೇಲೆ ಎಡಗೈ ಅಡ್ಡ ಇಟ್ಕಂಡು ಸಣ್ಣ ಸಣ್ಣ ತುತ್ತು ತಿಂತಿದ್ಳು. ಎದುರಿಗೆ ಯಾರೋ ವಯಸ್ಸಾದ ಹೆಂಗಸು, ನಾದಿನಿ ಓರಗಿತ್ತಿ ಕಡೆಯೋರಂತೆ, ಉಣ್ಣೋದು ಬಿಟ್ಟು ಇವಳನ್ನೇ ನೋಡ್ತಿದ್ರು.

"ಯಾರ್ದ್ರೀ ಈ ಮುದ್ದು ಕೂಸು? ಹಾಲು ಬಿಳುಪು ಐತೆ. ಕಣ್ಣು ಕೀಳಕ್ಕೇ ಆಗಲ್ಲ ನೋಡ್ರಿ."

ಹುಡುಗಿ ಕೈ ನಿಂತ್ಹೋಯ್ತು. ಅವಳು ನನ್ ಕಡೆ ನೋಡ್ಲಿಲ್ಲ, ಅಜ್ಜಿ ಕಡೆ ನೋಡಿದ್ಳು. ಅತ್ತೆ ಎರಡೂ ಕೈ ತಾನಾಗೇ ಮೇಲೆದ್ವು, ಕೆನ್ನೆ ಸವರಿ ಲಟಿಕೆ ಮುರಿಯಕ್ಕೆ. ಬಲಗೈ ತುಂಬ ಸಾರನ್ನ. ನಡುದಾರೀಲಿ ನಿಂತ್ವು. ಅವರ ಮುಖ ಬೆವರಿತ್ತು. ಎಡಗೈ ಮೊಮ್ಮಗಳ ಬೆನ್ನ ಮೇಲೆ ಇಟ್ರು, ಬಲಗೈ ತುತ್ತು ತಮ್ಮ ಬಾಯಿಗೆ ಹಾಕ್ಕಂಡ್ರು.

"ಹೆದರಿಕೆ ಆಗ್ತೈತಾ?" ಅಂತ ಮೆಲ್ಲಗೆ ಕೇಳಿದ್ರು.

"ಹೂಂ ಅಜ್ಜಿ."

"ನಂಗೂ ಆಗ್ತೈತೆ. ಉಣ್ಣು. ಇಬ್ರೂ ಉಣ್ಣಾಣ."

ಅವಳು ಉಂಡ್ಳು. ಪೂರ್ತಿ ಅಲ್ಲ. ಅನ್ನದಲ್ಲಿ ಅರ್ಧ, ಹೋಳಿಗೆ ಮೂಲೆ ಒಂದಿಷ್ಟು. ಆ ಹೆಂಗಸು ನೋಡೋದು ನಿಲ್ಲಿಸ್ಲಿಲ್ಲ, ಇವಳೂ ನಿಲ್ಲಿಸ್ಲಿಲ್ಲ. ಸಂಜೆ ಮನೆಗೆ ಬಂದ್ಮೇಲೆ ಅಜ್ಜಿ ಹಿಂದೆ ಅಡುಗೆಮನೆ ಬಾಗಿಲ ತನಕ ಹೋಗಿ ನಿಂತ್ಳು. ಅತ್ತೆ ಲೈಟ್ ಹಾಕಿ ಹಾಲು ಕಾಯ್ಸಿದ್ರು. ಮೆಣಸಿನಕಾಯಿ ಡಬ್ಬ ಮುಟ್ಲಿಲ್ಲ. ಹುಡುಗಿ ಸ್ವಲ್ಪ ಹೊತ್ತು ನಿಂತು ಹಾಲು ಕುಡಿದು ಹೋಗಿ ಮಲಗಿದ್ಳು. ನಿದ್ದೆ ಬರೋಕೆ ಬಹಳ ಹೊತ್ತಾಯ್ತು, ಹೊರಳಾಡೋದು ಕೇಳಿಸ್ತಿತ್ತು. ಬೆಳಿಗ್ಗೆ ಎದ್ದಳು, ಜ್ವರ ಇರ್ಲಿಲ್ಲ, ಏನೂ ಇರ್ಲಿಲ್ಲ. ತಾನೇ ಹಣೆ ಮುಟ್ಟಿ ನೋಡ್ಕಂಡಿದ್ದು ನಾನು ನೋಡಿದೆ.

ಈಗ ಸ್ಕೂಲಿಂದ ಬಂದ್ಮೇಲೆ ಡಬ್ಬಿ ಅವಳೇ ತೊಳಿತಾಳೆ. ಹಂಗೇ ಮಾತಾಗಿರೋದು. ನಂಗೆ ಕೈ ಕಡೀತೈತೆ. ನಲ್ಲಿ ಸದ್ದು ಕೇಳ್ದಾಗೆಲ್ಲ ಚೆಲ್ತಾವ್ಳಾ, ತೊಳೀತಾವ್ಳಾ ಅಂತ ಕಿವಿ ನಿಮಿರ್ತೈತೆ. ಬ್ಲೌಸಿಗೆ ಗುಂಡಿ ಹಚ್ಚೋ ನೆಪದಲ್ಲಿ ಅಲ್ಲೇ ಸುಳಿದಾಡ್ತೀನಿ, ಒಳಗೆ ಹೋಗಲ್ಲ. ಕೆಲವು ದಿನ ಬೆಳಿಗ್ಗೆ ಈಗ್ಲೂ ಹೊಟ್ಟೆ ನೋವು ಅಂತಾಳೆ. ಆದ್ರೂ ಬಸ್ ಹತ್ತುತಾಳೆ.

ಮೊನ್ನೆ ಡಬ್ಬಿ ತೊಳೆದಿಟ್ಟು ಬಂದು ನನ್ ಮಿಷನ್ ಪಕ್ಕ ನಿಂತ್ಳು.

"ಅಮ್ಮ, ನಾಳೆಯಿಂದ ಒಂದು ಚಪಾತಿ ಜಾಸ್ತಿ ಹಾಕು. ನನ್ ಪಕ್ಕ ಕೂರೋಳು ದಿನಾ ನನ್ ಡಬ್ಬಿನೇ ನೋಡ್ತಿರ್ತಾಳೆ."

ನನ್ ಕಾಲು ಪೆಡಲ್ ಮೇಲೆ ನಿಂತು ಹೋಯ್ತು. "ನೋಡಿದ್ರೆ?"

"ಅವಳಿಗೂ ಬೇಕಂತೆ."

ಎಲ್ಲಾನೂ ಅವಳಿಗೇ ಕೊಟ್ಟು ಇವ್ಳು ಉಪವಾಸ ಇರ್ತಾವ್ಳಾ ಅಂತ ತಕ್ಷಣ ತಲೆಗೆ ಬಂತು. ಕೇಳೋಕೆ ಬಾಯಿ ತೆಗೆದೆ, ಮುಚ್ಕಂಡೆ. ಬೆಳಿಗ್ಗೆ ಒಂದು ಉಂಡೆ ಹಿಟ್ಟು ಜಾಸ್ತಿನೇ ಕಲಸಿದೆ.